ಅಜ್ಜಿಯ ಮಾತಿನಡಿ ‘ಗುಂಯ್’

ಮೂರ್ನಾಡಿನ ಮನೆಯಲ್ಲಿ ಅಜ್ಜಿಯ ಮಾತು ರೆಕಾರ್ಡ್ ಮಾಡಿ ಕೇಳಿದೆ. ಮಾತಿನಡಿ ಒಂದೇ ಸಮ ‘ಗುಂಯ್’. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಸದ್ದು ನಿಂತಿತು.

ಅದು ಮನೆಗೆ ಬರೋ ಕರೆಂಟಿನದೇ ಸದ್ದು. ಅದಕ್ಕೂ ಇತಿಹಾಸ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು ಸೆಕೆಂಡಿಗೆ 25 ಆವರ್ತದ್ದು. ಈಗ ದೇಶಕ್ಕೆಲ್ಲ 50. ಅಂದಿನ ಲೈನಾಗಿದ್ದರೆ ನನ್ನ ‘ಗುಂಯ್’ ಒಂದು ಸ್ಥಾಯಿ ಕೆಳಗಿರುತ್ತಿತ್ತು!

ಚಾರ್ಜರ್ ಒಂದು ಸಾಕೆಟ್‌ಗೆ, ಮಿಕ್ಸರ್ ಇನ್ನೊಂದಕ್ಕೆ ಹಾಕಿದ್ದೆ. ಎರಡು ಅರ್ಥಿಂಗ್ ದಾರಿ ಸೇರಿ ಸುತ್ತಾಗಿತ್ತು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಸರಿಹೋಯ್ತು. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಮುರೀಬೇಡಿ. ಶಾಕಿನಿಂದ ಕಾಯೋದು ಅದೇ.

ಅಜ್ಜಿ ಮತ್ತೆ ಕೂತು ಹೇಳಿದರು. ಆದ್ರೆ ಮೊದಲ ಸಲದ ಆ ನಗು ಬರಲಿಲ್ಲ. ಇನ್ಮುಂದೆ ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನಲ್ಲಿ ಕೇಳಿಯೇ ಶುರು ಮಾಡ್ತೀನಿ.