ಹೇಳು, ನುಡಿ, ಮಾತನಾಡಿಸು

ಒಬ್ಬರೊಡನೆ ಮಾತಿಗೆ ತೊಡಗುವುದನ್ನು ಸೂಚಿಸಲು ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ. ಅವು ಒಂದೇ ಅರ್ಥದವಲ್ಲ. ‘ನುಡಿ’ ಎಂಬುದು ಹಳೆಯದು. ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡಿಗರ ಜಾಣ್ಮೆಯನ್ನು ಹೊಗಳುವಾಗ ಈ ಪದವನ್ನೇ ಬಳಸುತ್ತದೆ. ಅಲ್ಲಿ ಅರಿತು ನುಡಿಯುವುದಷ್ಟೇ ಅಲ್ಲ, ಪರರು ನುಡಿದುದನ್ನು ಅರಿಯುವುದೂ ಜಾಣ್ಮೆಯೇ. 12ನೆಯ ಶತಮಾನದ ವಚನಕಾರರಿಗೂ ಪ್ರಿಯವಾಗಿದ್ದ ಈ ಕ್ರಿಯಾಪದ ಇಂದು ಬಹುಮಟ್ಟಿಗೆ ಗ್ರಂಥಸ್ಥವಾಗಿದೆ. ದಿನಬಳಕೆಯಲ್ಲಿ ಅದರ ಸ್ಥಾನಕ್ಕೆ ‘ಮಾತನಾಡು’ ಬಂದಿದೆ. ತೆಲುಗಿನ ‘ಮಾಟ್ಲಾಡು’ ಇದರ ಸೋದರ ರೂಪ.

ವಿಭಕ್ತಿಗಳನ್ನು ಗಮನಿಸಿರಿ. ‘ಅವರಿಗೆ ಹೇಳಿದೆ’ ಎಂದರೆ ಕೇಳುವವರು ಸುಮ್ಮನಿದ್ದರೂ ಸಾಗುತ್ತದೆ. ‘ಅವರ ಕೂಡ ಮಾತಾಡಿದೆ’ ಎಂದಾಗ ಇಬ್ಬರೂ ಬೇಕು. ‘ಅವರನ್ನು ಮಾತನಾಡಿಸಿದೆ’ ಎಂಬಲ್ಲಿ ಪ್ರೇರಣಾರ್ಥಕ ಪ್ರತ್ಯಯವು ಎದುರಿನವರ ಬಾಯಿಯನ್ನೇ ತೆರೆಸುತ್ತದೆ.

ನಾನಿರುವ ಜೇವರ್ಗಿ ಕಾಲೋನಿಯಲ್ಲಿ ಕಾಯಿಲೆಯವರನ್ನು ಕಾಣಹೋಗುವವರು ‘ಮಾತಾಡಿಸಿಕೊಂಡು ಬರ್ತೀನಿ’ ಎನ್ನುತ್ತಾರೆ. ನೋಡುವುದು ಸಾಲದು; ರೋಗಿಯೂ ನಾಲ್ಕು ಮಾತು ಆಡಬೇಕು. ವಯಸ್ಸಾದವರಿಗೆ ಮಾತ್ರೆ ನುಂಗು, ಮಲಗು ಎಂದು ಹೇಳುವವರು ಮನೆತುಂಬ ಇರುತ್ತಾರೆ. ಆದರೂ ‘ನನ್ನನ್ನು ಯಾರೂ ಮಾತನಾಡಿಸುವುದಿಲ್ಲ’ ಎಂದು ಅವರು ಕೊರಗುತ್ತಾರೆ. ಅವರ ವ್ಯಾಕರಣ ತಪ್ಪಲ್ಲ.