ಬರೋಡಾದಿಂದ ಲಾಲ್‌ಬಾಗ್‌ಗೆ: ನಮ್ಮ ಮರ ಅಂದ್ರೆ ಯಾವುದು?

ಈ ವಾರದ ಮಾತು ಒಂದು ಸತ್ತ ಗಿಡದಿಂದ ಶುರುವಾಗುತ್ತೆ.

ವಡೋದರಾಕ್ಕೆ ಕೆಲಸಕ್ಕೆ ಬಂದ ಮೊದಲ ವರ್ಷ ಬೆಂಗಳೂರಿಂದ ಒಂದು ಜಕರಂದ ಸಸಿ ತಂದಿದ್ದೆ. ಜಯನಗರದಲ್ಲಿ ನಮ್ಮ ಮನೆ ಮುಂದಿನ ರಸ್ತೆ ಮಾರ್ಚ್ ಬಂದರೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅದೇ ಇಲ್ಲೂ ಆಗಲಿ ಅನ್ನೋ ಆಸೆ. ಅಪಾರ್ಟ್‌ಮೆಂಟಿನ ಮೂಲೆಯಲ್ಲಿದ್ದ ಖಾಲಿ ಜಾಗದಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ ನೆಟ್ಟೆ. ದಿನಾ ಒಂದು ಮಗ್ ನೀರು ಹಾಕಿದೆ. ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟಿತು, ಸಸಿ ಕಡ್ಡಿಯಾಯಿತು. ಸೊಸೈಟಿಯವರು, "ಇಲ್ಲೇನೂ ಬೆಳೆಯಲ್ಲ, ಕಾಂಕ್ರೀಟ್ ಹಾಕಿ ಪಾರ್ಕಿಂಗ್ ಮಾಡೋಣ" ಅಂದರು. ಒಂದು ಮಳೆಗಾಲ ಟೈಮ್ ಕೊಡಿ ಅಂತ ಕೇಳಿಕೊಂಡೆ.

ಆ ಬೇಸಿಗೆಯಲ್ಲಿ ಸಂಜೆ ಹೊತ್ತು ವಿಶ್ವಾಮಿತ್ರಿ ದಂಡೆಯ ಸಯಾಜಿ ಬಾಗ್‌ಗೆ ಹೋಗ್ತಿದ್ದೆ. ಊರಿನವರು ಕಮಾಟಿ ಬಾಗ್ ಅಂತಾರೆ. ಮೂರನೇ ಸಯಾಜಿರಾವ್ ಗಾಯಕವಾಡರ ಕಾಲದ್ದು, 1879ರದ್ದು. ಆ ತೋಟದ ಬಗ್ಗೆ ಓದುತ್ತಾ ಹೋದಾಗ ನಮ್ಮೂರಿನ ಹೆಸರೊಂದು ಸಿಕ್ಕಿತು. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆ ಗೊತ್ತಲ್ವಾ? ಆ ಕೃಂಬಿಗಲ್!

ಗುಸ್ಟಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡನ್ ಹತ್ತಿರದ ಲೋಮನ್ ಎಂಬ ಊರಲ್ಲಿ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿದ್ದವರು. 1893ರಲ್ಲಿ ಸಯಾಜಿರಾಯರ ನೌಕರಿಗೆ ಬರೋಡಾಕ್ಕೆ ಬಂದರು. ಕಮಾಟಿ ಬಾಗ್ ಅವರು ಬರುವ ಮೊದಲೇ ಇತ್ತು, ಅದನ್ನು ಅವರ ಲೆಕ್ಕಕ್ಕೆ ಸೇರಿಸೋದು ಬೇಡ. ಆದರೆ ಸುಮಾರು ಹದಿನೈದು ವರ್ಷ ಬರೋಡಾ ಸಂಸ್ಥಾನದ ತೋಟಗಳನ್ನು ನೋಡಿಕೊಂಡರು. ಅಂದರೆ ನನ್ನ ಸಸಿಯನ್ನು ಕೊಂದ ಇದೇ ಬಿಸಿಲಲ್ಲಿ, ಹದಿನೈದು ಬೇಸಿಗೆ. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಜಾನ್ ಕ್ಯಾಮರಾನ್ ನಂತರ ಲಾಲ್‌ಬಾಗ್ ವಹಿಸಿಕೊಂಡರು.

ಬೆಂಗಳೂರಿನ ಹೂಮರಗಳ ಹಿಂದೆ ಒಂದು ಯೋಚನೆ ಇದೆ. ಒಂದು ಜಾತಿ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಶುರುವಾಗಬೇಕು, ಊರಲ್ಲಿ ವರ್ಷಪೂರ್ತಿ ಎಲ್ಲೋ ಒಂದು ಕಡೆ ಹೂ ಇರಬೇಕು. ಇದನ್ನು ಕೃಂಬಿಗಲ್ ಹೆಸರಿನ ಜೊತೆ ಹೇಳೋದು ವಾಡಿಕೆ. ಅವರ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಅದೇ ದಾರಿಯಲ್ಲಿ ಮುಂದುವರಿದರು.

ಈಗ ಒಂದು ಪಟ್ಟಿ ನೋಡಿ. ಜಕರಂದ ದಕ್ಷಿಣ ಅಮೆರಿಕದ್ದು. ಗುಲಾಬಿ ತಬೂಬಿಯ ಮಧ್ಯ ಅಮೆರಿಕ ಕಡೆಯದು. ಗುಲ್‌ಮೊಹರ್ ಮಡಗಾಸ್ಕರಿಂದ ಬಂದದ್ದು. ಮಳೆಮರವೂ ಅಮೆರಿಕದ್ದೇ. ನಾನು "ನಮ್ಮೂರ ಮರ" ಅಂತ ಎದೆಗೊತ್ತಿಕೊಂಡು ರೈಲಲ್ಲಿ ತಂದೆನಲ್ಲ, ಅದು ನನಗಿಂತ ದೊಡ್ಡ ವಲಸೆಗಾರ! ಅದು ಬೆಂಗಳೂರಲ್ಲಿ ನಿಂತದ್ದು ಯಾಕೆ? ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆ ತಂಪು. ಆ ಹವೆಗೆ ಯಾವುದು ಒಗ್ಗುತ್ತೆ ಅಂತ ಗೊತ್ತಿದ್ದವರು ನೋಡಿ ಆರಿಸಿದ್ದರು. ನಾನು ಮರವನ್ನು ಕಾಪಿ ಮಾಡಿದೆ, ಆರಿಸುವ ಬುದ್ಧಿಯನ್ನು ಮಾಡಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಏಪ್ರಿಲ್-ಮೇನಲ್ಲಿ ಅಹಮದಾಬಾದಿನ ರಸ್ತೆ ಬದಿಯಲ್ಲಿ ಹಳದಿ ಗೊಂಚಲು ತೂಗುವ ಗರಮಾಳೊ ಇದೆಯಲ್ಲ, ಅದು ನಮ್ಮ ಕಕ್ಕೆ. ಹೋಳಿಗೆ ಬಣ್ಣ ತೆಗೆಯುವ ಕೇಸೂಡೊ ನಮ್ಮ ಮುತ್ತುಗ, ಎಲೆ ಹಚ್ಚಿ ಊಟ ಮಾಡ್ತೀವಲ್ಲ, ಅದೇ. ಎರಡೂ ಈ ದೇಶದವೇ. ಅಲ್ಲೂ ಅವೇ, ಇಲ್ಲೂ ಅವೇ. ಊರಿಂದ ಹೊತ್ತು ತರಬೇಕಾದ್ದೇನೂ ಇರಲಿಲ್ಲ. ಹೆಸರು ಬೇರೆ ಇದ್ದದ್ದಕ್ಕೆ ನನಗೆ ಗುರುತು ಸಿಕ್ಕಿರಲಿಲ್ಲ, ಅಷ್ಟೆ.

ಆ ಮಳೆಗಾಲ ಕಕ್ಕೆ ನೆಟ್ಟೆ. ನೆಡೋರಿಗೆ ನಾನು ಕಲಿತದ್ದು ಇಷ್ಟು. ಬೀಜದ ಸಿಪ್ಪೆ ಗಟ್ಟಿ, ಒಂದು ಬದಿ ಉಜ್ಜಿ ರಾತ್ರಿಯಿಡೀ ನೆನೆಸಿ. ಕಾಯೋಕೆ ಆಗಲ್ಲ ಅನ್ನೋರು ನರ್ಸರಿ ಸಸಿ ತನ್ನಿ, ನಾನೂ ಅದನ್ನೇ ಮಾಡಿದ್ದು. ಒಂದೆರಡು ಮಳೆ ಬಿದ್ದ ಮೇಲೆ, ಎರಡಡಿ ಗುಂಡಿ ತೆಗೆದು ನೆಡಿ. ಸೂರತ್ ಕಡೆಯ ಕಪ್ಪು ಮಣ್ಣಲ್ಲಿ ನೀರು ನಿಲ್ಲುತ್ತೆ, ಸ್ವಲ್ಪ ಏರಿ ಮಾಡಿ ಮೇಲೆ ನೆಡಬೇಕು. ಅಹಮದಾಬಾದಿನ ಮರಳು ಮಣ್ಣಲ್ಲಿ ನೀರು ಇಂಗಿಹೋಗುತ್ತೆ, ಗೊಬ್ಬರ ಬೆರೆಸಿ, ಬುಡಕ್ಕೆ ಒಣಗಿದ ಎಲೆ ಮುಚ್ಚಿ. ದಿನಾ ಒಂದು ಮಗ್ ಬೇಡ. ನಾಲ್ಕೈದು ದಿನಕ್ಕೊಮ್ಮೆ ಒಂದೆರಡು ಬಕೆಟ್ ನಿಧಾನವಾಗಿ ಹಾಕಿದರೆ ಬೇರು ಆಳಕ್ಕೆ ಹೋಗುತ್ತೆ. ಬೇಸಿಗೆಯಲ್ಲಿ ಎಲೆ ಉದುರಿದರೆ ಹೆದರಿ ಕಡಿಯಬೇಡಿ, ಹೂ ಬಿಡುವ ಮುಂಚೆ ಕಕ್ಕೆ ಎಲೆ ಉದುರಿಸೋದು ಸಹಜ. ಗುಲ್‌ಮೊಹರ್‌ನ ಬೇರು ಮೇಲೇ ಹರಡುತ್ತೆ, ಗಾಳಿಗೆ ಕೊಂಬೆಯೂ ಮುರಿಯುತ್ತೆ, ಪಾರ್ಕಿಂಗ್ ಪಕ್ಕ ಬೇಡ. ಬಾಲ್ಕನಿ ಮಾತ್ರ ಇರೋರಿಗೆ ಬೋಗನ್‌ವಿಲ್ಲಾ ಇದೆ. ಚೆನ್ನಾಗಿ ಬಿಸಿಲು ಬಿದ್ದು, ನೀರು ಸ್ವಲ್ಪ ಕಮ್ಮಿಯಾದರೇ ಅದಕ್ಕೆ ಹೂ ಜಾಸ್ತಿ.

ಕೃಂಬಿಗಲ್ ಕತೆ ಮುಗಿಸ್ತೀನಿ. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಅನ್ನೋ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ನೆಟ್ಟ ಮರಗಳು ಊರಿನವಾದವು, ನೆಟ್ಟವರು ಮಾತ್ರ ಹೊರಗಿನವರಾಗಿಯೇ ಉಳಿದರು. ಆದರೂ ಅವರು ಊರು ಬಿಡಲಿಲ್ಲ. 1956ರಲ್ಲಿ ತೀರಿಕೊಂಡದ್ದು ಬೆಂಗಳೂರಲ್ಲೇ, ಸಮಾಧಿ ಇರೋದೂ ಹೊಸೂರು ರಸ್ತೆಯ ಸ್ಮಶಾನದಲ್ಲಿ. ಹೊರಗಿನವನು ಅನ್ನೋ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಅವರ ನೆನಪಾಗುತ್ತೆ.

ನಮ್ಮ ಕಕ್ಕೆಗೆ ಈಗ ಮೂರು ವರ್ಷ. ಇನ್ನೂ ಹೂ ಬಿಟ್ಟಿಲ್ಲ, ಅದಕ್ಕೆ ಇನ್ನೂ ಕೆಲವು ವರ್ಷ ಬೇಕು. ಅಷ್ಟರಲ್ಲಿ ನನ್ನ ಪ್ರಾಜೆಕ್ಟ್ ಮುಗಿದು ಎಲ್ಲಿಗೋ ಟ್ರಾನ್ಸ್‌ಫರ್ ಆಗಬಹುದು. ಕಾಂಕ್ರೀಟ್ ಮಾತಂತೂ ನಿಂತಿದೆ. ನಾನು ಊರಿಗೆ ಹೋದಾಗ ಪಕ್ಕದ ಮನೆಯವರು ನೀರು ಹಾಕ್ತಾರೆ. ಅವರಿಗೆ ಅದು ಗರಮಾಳೊ, ನನಗೆ ಕಕ್ಕೆ.

ನಿಮ್ಮ ಬೀದಿಯಲ್ಲಿ ಯಾವ ಮರ ಇದೆ, ಅಲ್ಲಿನವರು ಅದಕ್ಕೆ ಏನಂತಾರೆ, ಒಮ್ಮೆ ಕೇಳಿ ನೋಡಿ. ಮುಂದಿನ ವಾರ ಸಿಗೋಣ.