ತಿರುಮಕೂಡಲಿನ ಪಿಟೀಲು, ಸಜಿಪದ ಸ್ಯಾಕ್ಸೊಫೋನ್: ಜಾಜ್ ಜೊತೆ ನಮ್ಮ ನೆಂಟಸ್ತಿಕೆ

ತಗಡೂರಿನ ಕಡೆಯವರಿಗೆ ಸಂಗಮ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಂಜನಗೂಡು ದಾಟಿ ಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅದೇ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯ.

ಜಾಜ್ ಮತ್ತು ಶಾಸ್ತ್ರೀಯ ಸಂಗೀತ ಬೆರೆಸಿದ ಕಚೇರಿ ಅಂದರೆ ಬೆಂಗಳೂರಿನಲ್ಲಿ ಟಿಕೆಟ್ ಕೊಂಡು ಕೇಳುವವರ ವಿಷಯ, ನಮಗೇಕೆ ಎಂದು ಅನ್ನಿಸುವುದು ಸಹಜ. ಆದರೆ ಆ ಸಂಗೀತದ ಬೇರು ಹುಡುಕುತ್ತಾ ಹೋದರೆ ನಮ್ಮ ಹೊಳೆದಂಡೆಗೇ ಬಂದು ನಿಲ್ಲುತ್ತೇವೆ.

ಮೊದಲು ಪಿಟೀಲಿನ ಕಥೆ. ಅದು ಯುರೋಪಿನ ವಾದ್ಯ. ಸುಮಾರು 200 ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ವಾದ್ಯ ಅದೇ, ಹಿಡಿಯುವ ರೀತಿ ಬದಲಾಯಿತು. ಅಲ್ಲಿ ಅದನ್ನು ಗದ್ದದ ಕೆಳಗೆ ಒತ್ತಿಕೊಂಡು ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ತುದಿಯನ್ನು ಬಲಗಾಲಿನ ಮೇಲೆ ಊರಿದರು. ಎಡಗೈಗೆ ಭಾರ ಇಲ್ಲದಂತಾಗಿ ಬೆರಳು ತಂತಿಯ ಮೇಲೆ ಸಲೀಸಾಗಿ ಜಾರತೊಡಗಿತು. ಗಮಕ ನುಡಿಸಲು ಬೇಕಾದದ್ದೇ ಅದು.

ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆಗ ಮೈಕ್ ಇರಲಿಲ್ಲ. ದೊಡ್ಡ ಸಭೆಯಲ್ಲಿ ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಯುರೋಪಿನ ವಾದ್ಯವನ್ನು ನಮ್ಮ ಊರಿನವರೊಬ್ಬರು ತಮ್ಮ ಕೇಳುಗರಿಗಾಗಿ ತಿದ್ದಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಂಗಣಕ್ಕೆ ಅವರದೇ ಹೆಸರು.

ಎರಡನೆಯದು ಸ್ಯಾಕ್ಸೊಫೋನ್. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೈನ್ಯದ ಬ್ಯಾಂಡಿನ ಜೊತೆ ಅದು ದೇಶ ದೇಶ ಸುತ್ತಿತು. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಕಪ್ಪು ಜನ ಇಂಥ ಬ್ಯಾಂಡ್ ವಾದ್ಯಗಳನ್ನೇ ಹಿಡಿದು ಮೆರವಣಿಗೆಯಲ್ಲಿ, ಶವಯಾತ್ರೆಯಲ್ಲಿ ನುಡಿಸುತ್ತಿದ್ದರು. ಜಾಜ್ ಬೆಳೆದದ್ದು ಅಂಥ ಬೀದಿಗಳಲ್ಲಿ. ಮುಂದೆ ಸ್ಯಾಕ್ಸೊಫೋನ್ ಜಾಜ್‌ನ ಮುಖ್ಯ ವಾದ್ಯವಾಯಿತು.

ನಮ್ಮಲ್ಲಿ ಅದೇ ವಾದ್ಯ ಮೈಸೂರು ಅರಮನೆಯ ಬ್ಯಾಂಡಿನಲ್ಲಿತ್ತು. ದಕ್ಷಿಣ ಕನ್ನಡದ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥ್, ನಾದಸ್ವರ ನುಡಿಸುವವರ ಮಗ. ಹುಡುಗನಾಗಿದ್ದಾಗ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಇದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದರು. ಅದು ಸುಲಭವಿರಲಿಲ್ಲ. ಈ ವಾದ್ಯದಲ್ಲಿ ಒಂದೊಂದು ಕೀಲಿ ಒತ್ತಿದರೆ ಒಂದೊಂದು ಸ್ವರ, ಮೆಟ್ಟಿಲು ಹತ್ತಿದ ಹಾಗೆ. ಗಮಕ ಬೇಕಾದರೆ ಸ್ವರದಿಂದ ಸ್ವರಕ್ಕೆ ಜಾರಬೇಕು. ತುಟಿ, ಉಸಿರು, ಬೆರಳು ಮೂರನ್ನೂ ಪಳಗಿಸಲು ಅವರಿಗೆ ವರ್ಷಗಟ್ಟಲೆ ಹಿಡಿಯಿತು. ಅವರೇ ನಮಗೆಲ್ಲ ಗೊತ್ತಿರುವ ಕದ್ರಿ ಗೋಪಾಲನಾಥ್.

1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಅವರು ನುಡಿಸಿದರು.

ಇಷ್ಟು ಬೇರೆ ಬೇರೆ ಸಂಗೀತಗಳು ಕೂಡಿದ್ದು ಹೇಗೆ? ಜಾಜ್‌ನವರು ಒಂದು ಹಾಡನ್ನು ಹಿಡಿದು, ಆ ಕ್ಷಣ ತೋಚಿದ್ದನ್ನು ಬೆಳೆಸುತ್ತಾರೆ. ನಮ್ಮವರು ರಾಗ ಹಿಡಿದು ಕಲ್ಪನಾಸ್ವರ ಹಾಕುತ್ತಾರೆ. ಅಲ್ಲಿ ಡ್ರಮ್ಸ್‌ನವನಿಗೆ ಒಬ್ಬನೇ ನುಡಿಸುವ ಸರದಿ ಬರುತ್ತದೆ, ಇಲ್ಲಿ ತನಿ ಆವರ್ತನ. ಇಬ್ಬರದ್ದೂ ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವ ಸಂಗೀತ. ಕೋಲು ಹಿಡಿದು ನಡೆಸುವವರು ಬೇಕಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 1983ರಲ್ಲಿ ಧ್ವನಿಮುದ್ರಣವಾದ ‘ಜ್ಯೋತಿ’. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನುಡಿಸಿದ್ದು. ಮರಿಯಾನೊ ನಾದಸ್ವರವನ್ನೂ ಕಲಿತಿದ್ದವರು. ಆರ್.ಎ. ರಮಾಮಣಿ ಹಾಡುತ್ತಾರೆ, ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ. ಇರುವವರು ಐದೇ ಜನ. ಜರ್ಮನಿಯ ಇಸಿಎಂ ಕಂಪನಿ ಅದನ್ನು ಹೊರತಂದಿತು. ಅದರಲ್ಲಿ ಯಾರೂ ಯಾರನ್ನೂ ಮೀರಿಸಲು ಹೋಗುವುದಿಲ್ಲ.

ಇನ್ನೊಂದು ಕಥೆ ನನಗೆ ಹೆಚ್ಚು ತಟ್ಟಿದ್ದು. ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದು ಜಾಜ್ ಸ್ಯಾಕ್ಸೊಫೋನ್ ವಾದಕರಾದರು. ಅವರ ಹೆಸರು ನೋಡಿದವರು ಇವರಿಗೆ ಭಾರತದ ಸಂಗೀತ ಬಂದೇ ಬರುತ್ತದೆ ಎಂದುಕೊಳ್ಳುತ್ತಿದ್ದರು. ಆದರೆ ಅವರು ಕಲಿತದ್ದು ಜಾಜ್. ಒಮ್ಮೆ ಅವರ ಅಣ್ಣ ತಮಾಷೆಗೆ ಕದ್ರಿಯವರ ಒಂದು ಸಿ.ಡಿ. ತಂದುಕೊಟ್ಟರು. ಕೇಳಿ ದಂಗಾದರು. ಮುಂದೆ ಕದ್ರಿಯವರನ್ನೇ ಹುಡುಕಿಕೊಂಡು ಹೋದರು. ಇಬ್ಬರೂ ಕೂಡಿ ನುಡಿಸಿದ ಆಲ್ಬಂ 2008ರಲ್ಲಿ ಬಂತು. ಹೆಸರು ‘ಕಿನ್ಸ್‌ಮೆನ್’, ಅಂದರೆ ಬಂಧುಗಳು. ಕದ್ರಿಯವರು 2019ರಲ್ಲಿ ತೀರಿಕೊಂಡರು.

ನ್ಯೂ ಆರ್ಲಿಯನ್ಸಿನ ಬೀದಿ ವಾದ್ಯದವರು, ನಾದಸ್ವರದವರ ಮಗ, ತಿರುಮಕೂಡಲಿನ ಹುಡುಗ. ದೊಡ್ಡ ಸಭಾಂಗಣಗಳು ಇವರನ್ನು ಕರೆದದ್ದು ಆಮೇಲೆ. ಅದಕ್ಕೂ ಮುಂಚೆ ಅವರನ್ನು ಕೇಳಿದ್ದು ಸ್ವಂತ ಊರಿನ ಜನ. ಆದರೆ ನಮ್ಮ ಮದುವೆ, ಜಾತ್ರೆಗಳಲ್ಲಿ ಈಗಲೂ ಸ್ಯಾಕ್ಸೊಫೋನ್, ಓಲಗ, ಬ್ಯಾಂಡ್‌ಸೆಟ್ ನುಡಿಸುವವರನ್ನು ನಾವು ‘ವಾದ್ಯದವರು’ ಎಂದಷ್ಟೇ ಕರೆಯುತ್ತೇವೆ. ಲಗ್ನಪತ್ರಿಕೆಯಲ್ಲಿ ನೆಂಟರಿಷ್ಟರೆಲ್ಲರ ಹೆಸರಿರುತ್ತದೆ, ಅವರದ್ದಿರುವುದಿಲ್ಲ. ಅವರು ಯಾರ ಬಳಿ ಕಲಿತರು, ಯಾವ ಹಾಡು ಯಾವ ಶಾಸ್ತ್ರಕ್ಕೆ ನುಡಿಸುತ್ತಾರೆ ಎಂದು ಕೇಳಿ ಬರೆದಿಟ್ಟವರು ಕಡಿಮೆ.

ಮೊಬೈಲ್ ಕೈಯಲ್ಲೇ ಇದೆ. ಮುಂದಿನ ಮದುವೆಯಲ್ಲಿ ಊಟ ಮುಗಿದ ಮೇಲೆ ಐದು ನಿಮಿಷ ಅವರ ಪಕ್ಕ ಕೂತು, ಹೆಸರು ಕೇಳಿ, ಒಂದು ಹಾಡು ರೆಕಾರ್ಡ್ ಮಾಡಿಕೊಳ್ಳಿ.